ಅಕ್ಕನ ಹೇಳಿಕೆ

ಜನವರಿ ೬, ಮಂಗಳವಾರ

ಇವತ್ತೂ ಬೆಳಿಗ್ಗೆ ಅಕ್ಕ ಮಲಗಿದ್ದ ನನ್ನನ್ನು ದಾಟಿಕೊಂಡೇ ಹೋಗಿ ಒಲೆ ಹಚ್ಚಿದಳು. ದಾಟುವಾಗ "ಕಾಲು ಮಡಚ್ಕೊಳ್ಳೇ" ಎಂದಳು. ನಾನು ಮಡಚಿಕೊಂಡೇ ಇದ್ದೆ. ಅವಳ ಅಡುಗೆಮನೆಯಲ್ಲಿ ಅದಕ್ಕಿಂತ ಹೆಚ್ಚು ಮಡಚಿಕೊಳ್ಳಬೇಕೆಂದರೆ ನಾನು ಬಟ್ಟೆಯಾಗಿ ಹುಟ್ಟಬೇಕಿತ್ತು.

ಇಲ್ಲಿಗೆ ಬಂದು ಎರಡು ವರ್ಷವಾಗುತ್ತಾ ಬಂತು. ನಾವು ಬಾಡಿಗೆಗಿದ್ದ ಕಟ್ಟಡ ಬೀಳುವ ಹಾಗಿದೆ ಎಂದು ನಗರಸಭೆಯವರು ಎಲ್ಲರನ್ನೂ ಹೊರಗೆ ಕಳಿಸಿ ಬೀಗ ಜಡಿದರು. ಬೇರೆ ಮನೆ ಹುಡುಕಿದೆವು. ಒಂದೂ ನಮ್ಮ ಕೈಗೆ ನಿಲುಕಲಿಲ್ಲ. ಇವರು ಬಸ್ ಡ್ರೈವರು. ಡಿಪೋದಲ್ಲಿ ಡ್ರೈವರುಗಳು ಮಲಗುವ ಹಾಲ್‌ನಲ್ಲಿ ಇವರಿಗೊಂದು ಮಂಚ ಸಿಕ್ಕಿತು. ಅಲ್ಲಿ ಹೆಂಗಸರು ಇರುವಂತಿಲ್ಲ. ಅಕ್ಕನ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ಅಕ್ಕ, ಭಾವ, ಕಾಲೇಜಿಗೆ ಹೋಗುವ ಅವರ ಮಗಳು. ಅಲ್ಲಿ ಇನ್ನೊಬ್ಬ ಗಂಡಸಿಗೆ ಎಲ್ಲಿಯ ಜಾಗ? ಹೀಗಾಗಿ ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ನಾವು ಮತ್ತೆ ಮದುವೆಗೆ ಮುಂಚಿನವರ ಹಾಗೆ ದೂರದಿಂದ ನೋಡಿಕೊಳ್ಳುವವರಾದೆವು.

ನಮ್ಮ ಸಂಸಾರ ಈಗ ಬಸ್ಸಿನಲ್ಲಿ ನಡೆಯುತ್ತಿದೆ. ಸಂಜೆ ಅಂಗಡಿ ಮುಚ್ಚಿದ ಮೇಲೆ ಎಷ್ಟು ಬಸ್ಸು ಬಂದರೂ ಹತ್ತದೆ, ಇವರದು ಬರುವವರೆಗೆ ಕಾಯುತ್ತೇನೆ. ಡ್ರೈವರ್ ಹಿಂದಿನ ಸೀಟು ನನ್ನದು. ಬಸ್ಸು ಓಡುವಾಗ ಡ್ರೈವರೊಂದಿಗೆ ಮಾತಾಡಬಾರದೆಂದು ತಲೆಯ ಮೇಲೆಯೇ ಬರೆದಿದ್ದಾರೆ. ಹಾಗಾಗಿ ಸುಮ್ಮನೆ ಇವರ ಕುತ್ತಿಗೆ ನೋಡಿಕೊಂಡು ಕೂರುತ್ತೇನೆ. ಕೂದಲು ಕತ್ತರಿಸಿಕೊಂಡದ್ದು, ಕಾಲರ್ ಸವೆದದ್ದು, ರಾತ್ರಿ ಸರಿಯಾಗಿ ನಿದ್ದೆ ಮಾಡದ್ದು ಎಲ್ಲ ನನಗೆ ಹಿಂದಿನಿಂದಲೇ ತಿಳಿಯುತ್ತದೆ. ಕೊನೆಯ ಸ್ಟಾಪಿನಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. ಒಂದು ಟೀ ಮುಗಿಯುವವರೆಗೆ ಇವರು ನನ್ನ ಗಂಡ. ಆಮೇಲೆ ಮತ್ತೆ ಡ್ರೈವರು.

ಇವತ್ತು ಟೀ ಬಿಸಿಯಿತ್ತು. ಬೇಕೆಂದೇ ಆರಿಸಿ ಆರಿಸಿ ಕುಡಿದೆ.

ಜನವರಿ ೧೮, ಭಾನುವಾರ

ಇವರಿಗೆ ರಜೆ. ಇಬ್ಬರೂ ಹಳೇ ನೂಲಿನ ಗಿರಣಿ ನೋಡಲು ಹೋದೆವು. ಜನ ಸಿನಿಮಾಕ್ಕೆ, ಪಾರ್ಕಿಗೆ ಹೋಗುತ್ತಾರೆ. ನಾವು ಸಿಮೆಂಟು ನೋಡಲು ಹೋಗುತ್ತೇವೆ.

ಗಿರಣಿ ಮುಚ್ಚಿದಾಗಿನಿಂದ ಹಳೇ ಪೇಟೆಗೆ ಜೀವವೇ ಇರಲಿಲ್ಲ. ನಾನು ಹೊಲಿಯುವ ಯೂನಿಫಾರ್ಮ್ ಅಂಗಡಿಯ ಆಚೆ ಈಚೆ ಬೀಗ ಹಾಕಿದ ಅಂಗಡಿಗಳೇ ಜಾಸ್ತಿ. ನಗರಸಭೆಯವರು ಗಿರಣಿಯ ಜಾಗವನ್ನು ದೊಡ್ಡ ಮಳಿಗೆ ಕಟ್ಟುವವರಿಗೆ ಮಾರಲು ಹೊರಟಿದ್ದರು. ಆಗ ರಾಜ್ಯ ಸರ್ಕಾರ ಅಡ್ಡ ಬಂದು ಅದನ್ನು ತನ್ನ ವಸತಿ ಮಂಡಳಿಗೆ ಕೊಡಿಸಿತು. ಹೊರಗಿನ ಗೋಡೆ ಹಾಗೇ ಇರಬೇಕು, ಒಳಗೆ ಮನೆಗಳಾಗಬೇಕು, ಅದರಲ್ಲಿ ಅರ್ಧ ಪೇಟೆಯಲ್ಲೇ ದುಡಿಯುವ, ಇರಲು ಬೇರೆ ನೆಲೆ ಇಲ್ಲದ ಸಂಸಾರಗಳಿಗೆ ಸಿಗಬೇಕು ಎಂದು ಆದೇಶವಾಯಿತು. ನಮ್ಮ ಅಂಗಡಿಯ ಯಜಮಾನರಿಗೆ ಆ ಆದೇಶ ಬಾಯಿಪಾಠ. ರಾತ್ರಿ ಇಲ್ಲಿ ನಾಲ್ಕು ಜನ ಮಲಗಿದರೆ ತಾನೇ ಬೆಳಿಗ್ಗೆ ಬೀದಿ ಏಳುವುದು ಎಂದು ಬಂದವರಿಗೆಲ್ಲ ಹೇಳುತ್ತಾರೆ. ನಾವೂ ಅರ್ಜಿ ಹಾಕಿದ್ದೇವೆ.

ವಾಚ್‌ಮನ್ ಇವರ ಬಸ್ಸಿನ ಗಿರಾಕಿ. ಮೇಲೆ ಬಿಟ್ಟ. ಮೂರನೇ ಮಹಡಿಯಲ್ಲಿ ಇನ್ನೂ ಬಾಗಿಲು ಕೂರಿಸದ ಒಂದು ಮನೆಯೊಳಗೆ ನಿಂತೆವು. ಇವರು ಮಂಚ ಎಲ್ಲಿ, ನನ್ನ ಮಿಷನ್ ಎಲ್ಲಿ ಎಂದು ಕೈಯಲ್ಲೇ ತೋರಿಸಿದರು. ಮಾತಾಡಬಾರದೆಂಬ ಬೋರ್ಡಿಲ್ಲದ ಕಡೆ ಬಂದರೆ ನಮಗೆ ಮಾತೇ ಹೊರಡುವುದಿಲ್ಲ. ಇವರ ಕೈ ಹಿಡಿದುಕೊಂಡೆ, ಅಷ್ಟೆ. ಕೈಗೆ ಸುಣ್ಣದ ಪುಡಿ ಹತ್ತಿತ್ತು.

ಫೆಬ್ರವರಿ ೪, ಬುಧವಾರ

ಮಿಷನ್ ವಿಷಯಕ್ಕೆ ಅಕ್ಕನ ಜೊತೆ ಮತ್ತೆ ಜಟಾಪಟಿ. ಶಾಲೆಗಳ ಆರ್ಡರು ತಲೆಯ ಮೇಲೆ ಕೂತಿತ್ತು. ಒಂದಿಷ್ಟು ಕಾಲರುಗಳನ್ನು ಮನೆಗೆ ತಂದು ಹೊಲಿಯುತ್ತಿದ್ದೆ. ಮಗಳ ಪರೀಕ್ಷೆ ಹತ್ತಿರ ಬಂತು, ಟಕಟಕ ನಿಲ್ಲಿಸು ಎಂದಳು. ನಿಲ್ಲಿಸಿದೆ. ಅಷ್ಟಕ್ಕೇ ಬಿಡದೆ ಮಿಷನ್ ಮೇಲೆ ಹೊದಿಕೆ ಮುಚ್ಚಿ, ಅದರ ಮೇಲೆ ಪಾತ್ರೆ ಜೋಡಿಸಿದಳು. ಈಗ ಹೊಲಿಯಬೇಕಾದರೆ ಮೊದಲು ಅರ್ಧ ಅಡುಗೆಮನೆ ಇಳಿಸಬೇಕು.

ನಾನು ಅವಳಿಗೆ ಭಾರವಾಗಿದ್ದೇನೆ. ಅದು ಪಾತ್ರೆ ಇಡುವ ಸದ್ದಿನಲ್ಲೇ ಗೊತ್ತಾಗುತ್ತದೆ. ಬಾಯಿ ಬಿಟ್ಟು ಒಂದು ಸಲ ಹೇಳಿಬಿಟ್ಟರೆ ನನಗೂ ಹಗುರವಾಗುತ್ತಿತ್ತು.

ಇವರ ಬಸ್ಸು ಇವತ್ತು ಕೆಟ್ಟು ನಿಂತಿತ್ತಂತೆ. ಬೇರೆ ಯಾರದೋ ಬಸ್ಸಿನಲ್ಲಿ ಬಂದೆ.

ಫೆಬ್ರವರಿ ೧೯, ಗುರುವಾರ

ಅರ್ಜಿ ಪರಿಶೀಲನೆಗೆ ವಸತಿ ಮಂಡಳಿಯ ಸಾಹೇಬರು ಬೆಳಿಗ್ಗೆಯೇ ಬಂದರು. ಬರೆಯದಿದ್ದಾಗಲೆಲ್ಲ ಪೆನ್ನು ಬಾಯಲ್ಲಿಟ್ಟುಕೊಂಡಿರುತ್ತಾರೆ. ಅಕ್ಕನ ಮಗಳು ಅಷ್ಟರಲ್ಲೇ ಅವರಿಗೆ ಪೆನ್ನು ಸಾಹೇಬರು ಎಂದು ಹೆಸರಿಟ್ಟಾಯಿತು. ದಾರಿ ತೋರಿಸಿಕೊಂಡು ಬಂದವನು ಕೆಳಗಿನ ಮನೆಯವನು. ಅವನು ಅದೇ ಮಂಡಳಿಯಲ್ಲಿ ಜವಾನ. ಬಂದವನು ಹೋಗದೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದ.

ಸಾಹೇಬರು ನನ್ನನ್ನು ಕೇಳಿದ್ದೆಲ್ಲ ಮುಗಿದ ಮೇಲೆ ಅಕ್ಕನ ಕಡೆ ತಿರುಗಿದರು. ಇವರು ನಿಮ್ಮ ಮನೆಯಲ್ಲಿ ಇನ್ನೆಷ್ಟು ದಿನ ಇರಬಹುದು ಎಂದು ಕೇಳಿದರು. ಅಕ್ಕನ ಮುಖ ಕೆಂಪಾಯಿತು.

"ಎಷ್ಟು ದಿನ ಅಂದ್ರೆ ಏನ್ ಸಾರ್? ನನ್ನ ತಂಗಿ ಅವಳು. ಇದು ಅವಳ ಮನೇನೇ. ಜೀವ ಇರೋವರೆಗೂ ಇರ್ತಾಳೆ. ಎದ್ದು ಹೋಗು ಅನ್ನೋರು ಈ ಮನೇಲಿ ಯಾರೂ ಇಲ್ಲ."

ಪೆನ್ನು ಬಾಯಿಂದ ಹೊರಗೆ ಬಂತು. ಅವರು ಬರೆದುಕೊಂಡು, ಒಳ್ಳೆಯದಮ್ಮ ಎಂದು ಹೇಳಿ ಹೋದರು.

ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ನನ್ನ ಬಗ್ಗೆ ಇವಳು ಇಷ್ಟು ಪ್ರೀತಿಯಿಂದ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಹೊರಗೆ ಬಂದಾಗ ಅಕ್ಕ, ನೀರು ಅಷ್ಟು ಹೊತ್ತು ಬಿಡಬೇಡ ಎಂದು ಬೈದಳು. ಸಂಜೆ ಇವರಿಗೆ ಎಲ್ಲ ಹೇಳಿದೆ. ಇವರಿಗೂ ಖುಷಿಯಾಯಿತು.

ಮಾರ್ಚ್ ೨೨, ಭಾನುವಾರ

ಚುನಾವಣೆ ಆಗಿ ಸರ್ಕಾರ ಬದಲಾಯಿತು. ಗಿರಣಿಯ ಕೆಲಸ ನಿಂತಿದೆ. ಹೊಸ ಸರ್ಕಾರದವರು ಹಳೆಯ ಯೋಜನೆಗಳನ್ನೆಲ್ಲ ತರಿಸಿಕೊಂಡು ನೋಡುತ್ತಿದ್ದಾರಂತೆ. ಗೇಟಿನ ಮೇಲಿದ್ದ ಬೋರ್ಡಿಗೆ ಬಿಳಿ ಬಣ್ಣ ಬಳಿದು ಬಿಟ್ಟಿದ್ದಾರೆ. ಏನು ಬರೆಯಬೇಕೆಂದು ಇನ್ನೂ ಹೇಳಿಲ್ಲವೆಂದು ವಾಚ್‌ಮನ್ ಅಂದ. ನಗರಸಭೆಯವರನ್ನು ಕೇಳಿದರೆ ರಾಜ್ಯದವರನ್ನು ಕೇಳಿ ಅನ್ನುತ್ತಾರೆ. ಅವರನ್ನು ಕೇಳೋಣವೆಂದರೆ ಅವರು ಯಾರು, ಎಲ್ಲಿದ್ದಾರೆ, ಯಾವ ಬಸ್ಸು ಹತ್ತಿದರೆ ಸಿಗುತ್ತಾರೆ? ಡ್ರೈವರಿಗೇ ಗೊತ್ತಿಲ್ಲ.

ಇವತ್ತು ಒಳಗೆ ಬಿಡಲಿಲ್ಲ. ರಸ್ತೆಯ ಈಚೆ ನಿಂತು ಮೂರನೇ ಮಹಡಿ ನೋಡಿದೆವು. ಇವರು, ಇನ್ನೆಷ್ಟು ವರ್ಷ ನಿನ್ನನ್ನು ಬಸ್ಸಿನ ಕನ್ನಡಿಯಲ್ಲೇ ನೋಡಲಿ ಎಂದರು. ಇವರು ಹಾಗೆಲ್ಲ ಮಾತಾಡುವವರಲ್ಲ.

ಏಪ್ರಿಲ್ ೧೭, ಶುಕ್ರವಾರ

ಬೋರ್ಡಿನ ಮೇಲೆ ಹೊಸ ಹೆಸರು ಬಂದಿದೆ. ಕೆಲಸ ಶುರುವಾಗಿದೆ. ನಮ್ಮಂಥವರಿಗೆ ಅರ್ಧ ಎಂದಿದ್ದದ್ದು ಮೂರನೇ ಒಂದು ಭಾಗಕ್ಕೆ ಇಳಿದಿದೆ, ಆದರೂ ಯೋಜನೆ ಉಳಿಯಿತಲ್ಲ ಎಂದು ಅಂಗಡಿಯ ಯಜಮಾನರು ಎಲ್ಲರಿಗೂ ಟೀ ಕೊಡಿಸಿದರು. ಆ ಟೀ ಕುಡಿದು ಮಂಡಳಿಯ ಕಚೇರಿಗೆ ಹೋಗಿ ವಿಚಾರಿಸಿದೆ. ನಮ್ಮ ಅರ್ಜಿ ತಿರಸ್ಕಾರವಾಗಿದೆ. ಅಕ್ಕನ ಮನೆಯಲ್ಲಿ ನನಗೆ ಶಾಶ್ವತ ನೆಲೆ ಇದೆಯಂತೆ. ಮನೆಯವರೇ ಹಾಗೆಂದು ಹೇಳಿದ್ದಾರಂತೆ.

ಮೆಟ್ಟಿಲು ಹತ್ತಿ ಬಂದವಳೇ ಚಪ್ಪಲಿಯನ್ನೂ ಬಿಡದೆ ಕೂಗಾಡಿದೆ. ಯಾರು ಹೇಳು ಅಂದಿದ್ದರು ನಿನಗೆ, ಎರಡು ವರ್ಷದಿಂದ ಪಾತ್ರೆ ಕುಕ್ಕಿ ಕುಕ್ಕಿ ಹೇಳಿದ್ದನ್ನೇ ಅವತ್ತು ಹೇಳಿದ್ದರೆ ನನಗೆ ಮನೆ ಸಿಗುತ್ತಿತ್ತು ಎಂದೆ. ಅಕ್ಕ ಮೊದಲು ಏನೂ ಅರ್ಥವಾಗದವಳ ಹಾಗೆ ನಿಂತಿದ್ದಳು. ಆಮೇಲೆ ಬಾಯಿಬಿಟ್ಟಳು.

"ಮತ್ತೇನಂತ ಹೇಳಬೇಕಿತ್ತು? ಕೆಳಗಿನವನು ಬಾಗಿಲಲ್ಲಿ ನಿಂತಿದ್ದ. ಒಡಹುಟ್ಟಿದವಳನ್ನ ಹೊರಗಿನವರ ಮುಂದೆ ಭಾರ ಅಂತ ಹೇಳಬೇಕಿತ್ತಾ?"

"ಹೌದು" ಅಂದೆ.

ಅಕ್ಕ ಒಳಗೆ ಹೋಗಿ ಕೂತಳು. ಮಗಳು ಓದುವ ಪುಸ್ತಕ ಮುಖಕ್ಕೆ ಹಿಡಿದುಕೊಂಡಳು. ಭಾವ ನಮ್ಮಿಬ್ಬರಿಗೂ ಸೇರಿಸಿ ಅಡುಗೆ ಮಾಡಿದರು. ಉಪ್ಪು ಹಾಕಿರಲಿಲ್ಲ. ಯಾರೂ ಕೇಳಲಿಲ್ಲ.

ಏಪ್ರಿಲ್ ೧೯, ಭಾನುವಾರ

ಇವರಿಗೆ ಹೇಳಿದೆ. ಅಕ್ಕನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಜೊತೆಯಾಗುತ್ತಿತ್ತು.

ಮೇ ೧೨, ಮಂಗಳವಾರ

ಮೇಲ್ಮನವಿ ಹಾಕಬಹುದೆಂದು ಯಜಮಾನರು ಪತ್ತೆ ಮಾಡಿದ್ದರು. ರಾಜ್ಯ ಕಚೇರಿಯ ದೊಡ್ಡ ಅಧಿಕಾರಿಯೊಬ್ಬರು ಬಂದು ಎಲ್ಲರ ಅಹವಾಲು ಕೇಳುತ್ತಾರೆ. ಆದರೆ ಹೇಳಿಕೆ ಕೊಟ್ಟವರೇ ಬಂದು ಅದನ್ನು ಬದಲಿಸಬೇಕು. ಅಕ್ಕನನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಮಗಳು ಕೇಳಿದಳು. ಅಕ್ಕ, ಯಾವತ್ತು ಹೋಗಬೇಕು ಎಂದಷ್ಟೇ ಕೇಳಿದಳಂತೆ.

ಇವತ್ತು ಹೋದೆವು. ಉದ್ದ ಮೇಜು, ಆಚೆ ಅಧಿಕಾರಿ, ಪಕ್ಕದಲ್ಲಿ ನಮ್ಮ ಪೆನ್ನು ಸಾಹೇಬರು. ಫೈಲು ಹಿಡಿದುಕೊಂಡು ಕೆಳಗಿನ ಮನೆಯ ಜವಾನ. ಗೋಡೆಯುದ್ದಕ್ಕೂ ನಮ್ಮಂಥವರೇ ಕಾಯುತ್ತಾ ಕೂತಿದ್ದರು, ಅಷ್ಟೂ ಜನ ಕೇಳಿಸಿಕೊಳ್ಳುವಂತೆ ಮಾತಾಡಬೇಕು. ಅಧಿಕಾರಿ ಹೆಂಗಸು. ದನಿ ಮೆತ್ತಗೆ. ಅವತ್ತು ಹಾಗೆ ಹೇಳಿ ಇವತ್ತು ಬೇರೆ ಹೇಳಲು ಬಂದಿದ್ದೀರಲ್ಲ, ಯಾವುದು ನಿಜ ಎಂದು ಕೇಳಿದರು. ಅಕ್ಕ ಎದ್ದು ನಿಂತು ಕುರ್ಚಿಯ ಬೆನ್ನು ಹಿಡಿದುಕೊಂಡಳು. ನನ್ನ ಕಡೆ ನೋಡಲಿಲ್ಲ.

"ಅವತ್ತು ಮರ್ಯಾದೆಗೆ ಹೇಳ್ದೆ ಮೇಡಂ. ಇವಳನ್ನ ಇಟ್ಕೊಳ್ಳೋಕೆ ನನ್ನಿಂದ ಆಗಲ್ಲ. ದಿನಾ ಬೆಳಿಗ್ಗೆ ಇವಳನ್ನ ದಾಟ್ಕೊಂಡು ಒಲೆ ಹಚ್ತೀನಿ. ಇವಳ ಮಿಷನ್ ಸದ್ದಿಗೆ ನನ್ನ ಮಗಳು ಓದಲ್ಲ. ಇವಳು ಬಂದಾಗಿಂದ ಗೋಡೆಗೆ ಕಿವಿ ಬಂದ ಹಾಗಾಗಿದೆ, ನನ್ನ ಗಂಡನ ಹತ್ರ ನೆಮ್ಮದಿಯಾಗಿ ಒಂದು ಮಾತು ಆಡಿಲ್ಲ. ಅವಳಿಗೆ ಗಂಡನ ಚಿಂತೆ, ನನಗೂ ಒಬ್ಬ ಗಂಡ ಇದಾನೆ ಅಂತ ಅವಳಿಗೆ ನೆನಪೇ ಇಲ್ಲ. ನಮ್ಮಿಬ್ಬರಿಗೆ ಮಾತೂ ಇಲ್ಲ. ಇವಳು ಹೋದ್ರೆ ನಾನು ನೆಮ್ಮದಿಯಾಗಿ ಇರ್ತೀನಿ."

ಯಾರೋ ಹಿಂದೆ ಲೊಚಗುಟ್ಟಿದರು. ಪೆನ್ನು ಸಾಹೇಬರು ಬರೆದುಕೊಂಡೇ ಹೋದರು. ಅಧಿಕಾರಿ ಅರ್ಜಿಯನ್ನು ಮತ್ತೆ ಪಟ್ಟಿಗೆ ಸೇರಿಸುವಂತೆ ಹೇಳಿದರು. ಜೊತೆಗೆ ಇನ್ನೊಂದು ಮಾತೂ ಹೇಳಿದರು. ಮನೆ ಸಿಕ್ಕ ಮೇಲೂ ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಬಂದು ವಿಚಾರಿಸುತ್ತಾರೆ, ಹೇಳಿಕೆ ಸುಳ್ಳೆಂದು ಕಂಡರೆ ಮನೆ ವಾಪಸ್ಸು.

ನಾವು ಗೆದ್ದೆವು. ಹೊರಗೆ ಬಂದು ಅಕ್ಕ ನನಗಿಂತ ಮುಂದೆ ಮುಂದೆ ನಡೆದಳು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ಮೇ ೧೪, ಗುರುವಾರ

ಅವಳು ಹೇಳಿದ್ದು ಸುಳ್ಳಲ್ಲ. ಅದೇ ಕಷ್ಟ. ಮನೆಗಾಗಿ ಒಂದು ಮಾತು ಹೇಳಿಸಲು ಕರೆದುಕೊಂಡು ಹೋದೆ, ಅವಳು ನಿಜವನ್ನೇ ಹೇಳಿಬಿಟ್ಟಳು.

ಗಂಡನ ಮಾತಂತೂ ಮುಳ್ಳಿನ ಹಾಗೆ ಕೂತಿದೆ. ಅಕ್ಕ ಭಾವ ಗುಸುಗುಸು ಮಾತಾಡುತ್ತಾರೆ, ನನ್ನ ಬಗ್ಗೆಯೇ ಇರಬೇಕು ಎಂದು ನಾನು ಎಷ್ಟೋ ಸಲ ಸಿಟ್ಟುಮಾಡಿಕೊಂಡಿದ್ದೆ. ಪಾಪ, ಅವರು ಗಂಡ ಹೆಂಡತಿ.

ಜೂನ್ ೨೦, ಶನಿವಾರ

ಪಟ್ಟಿಯಲ್ಲಿದ್ದವರಿಗೆ ಮನೆ ಹಂಚಲು ಲಾಟರಿ ಎತ್ತಿದರು. ಶಾಲೆಯ ಮೈದಾನದಲ್ಲಿ ಶಾಮಿಯಾನ, ಮೈಕು, ಮಂತ್ರಿಗಳು. ಹಳೇ ಸರ್ಕಾರದವರು ಇದು ನಮ್ಮ ಯೋಜನೆ ಎಂದು ಹೊರಗೆ ಕೂಗುತ್ತಿದ್ದರು, ಹೊಸಬರು ಒಳಗೆ ನಮ್ಮದು ಎನ್ನುತ್ತಿದ್ದರು. ಯಾರದ್ದಾದರೂ ಆಗಲಿ, ಮನೆ ನನ್ನದಾದರೆ ಸಾಕೆಂದು ನಾನು ಕೂತಿದ್ದೆ. ನಮ್ಮ ಅರ್ಜಿಯ ನಂಬರ್ ಕೂಗಿದಾಗ ನನಗೆ ಏಳಲು ಆಗಲಿಲ್ಲ. ಅಂಗಡಿಯ ಯಜಮಾನರು ರಟ್ಟೆ ಹಿಡಿದು ಎಬ್ಬಿಸಿದರು. ನಾಲ್ಕನೇ ಮಹಡಿ. ಇವರು ಡ್ಯೂಟಿಯ ಮೇಲಿದ್ದರು. ಸ್ಟಾಪಿನಲ್ಲಿ ಕಾಯ್ದು ನಿಂತು, ಬಸ್ಸು ಬಂದಾಗ ಹತ್ತದೆಯೇ ಕಿಟಕಿಯಿಂದ ಹೇಳಿದೆ. ಇವರು ಬಾಗಿಲು ಮುಚ್ಚುವುದನ್ನೂ ಮರೆತು ಹಾಗೇ ಕೂತಿದ್ದರು. ಜನ ಬೈದ ಮೇಲೆ ಬಸ್ಸು ಹೊರಟಿತು. ಬಸ್ಸು ಹೋದಮೇಲೂ ನಾನು ಅಲ್ಲೇ ನಗುತ್ತಾ ನಿಂತಿದ್ದೆ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಬಾಗಿಲು ತೆರೆದಿತ್ತು. "ಸದ್ಯ, ಪೀಡೆ ತೊಲಗಿತು" ಎಂದು ಮೆಟ್ಟಿಲವರೆಗೆ ಕೇಳುವಂತೆ ಅಂದಳು. ಈಗೀಗ ಹೀಗೇ. ಬಾಗಿಲು ತೆರೆದಿದ್ದಾಗಲೇ ಬೈಯುತ್ತಾಳೆ. ಊಟಕ್ಕೆ ಕೂತಾಗ ಮಾತಿಲ್ಲ, ಆದರೆ ತಟ್ಟೆಯಲ್ಲಿ ನನಗೆ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಇವಳ ಲೆಕ್ಕ ನನಗೆ ತಿಳಿಯುವುದಿಲ್ಲ. ತಿಳಿಯುವುದೂ ಬೇಡ, ಇನ್ನೇನು ಹೋಗುತ್ತೇನೆ.

ಜುಲೈ ೧೨, ಭಾನುವಾರ

ಹೊಸ ಮನೆಯಲ್ಲಿ ಬರೆಯುತ್ತಿದ್ದೇನೆ. ಬಾಗಿಲಿಗೆ ಇನ್ನೂ ಬಣ್ಣದ ವಾಸನೆ.

ಇವರೂ ಭಾವನೂ ಮಿಷನ್ ಇಳಿಸಿದರು. ನನ್ನ ಸಾಮಾನು ಒಂದು ಸಣ್ಣ ಗಾಡಿಗೂ ತುಂಬಲಿಲ್ಲ. ಹೊರಡುವಾಗ ಅಕ್ಕ ಬೆನ್ನು ಹಾಕಿ ನಿಂತು ಪಾತ್ರೆ ತೊಳೆಯುತ್ತಿದ್ದಳು. ಅದು ತೊಳೆದಿಟ್ಟ ಪಾತ್ರೆಯೇ, ನಾನೇ ಬೆಳಿಗ್ಗೆ ತೊಳೆದಿದ್ದೆ. ಅಕ್ಕಾ, ಹೋಗಿ ಬರ್ತೀನಿ ಎಂದೆ. ಕೆಳಗಿನವನು ಮೆಟ್ಟಿಲ ಮೇಲೆ ನಿಂತಿದ್ದ. ಹೋಗೋದಾದ್ರೆ ಬೇಗ ಹೋಗು, ಸಾಕಾಗಿದೆ ಎಂದಳು. ತಿರುಗಲಿಲ್ಲ. ನಾನು ಕಾಲಿಗೆ ಬೀಳೋಣ ಎಂದುಕೊಂಡಿದ್ದವಳು ಬೀಳಲಿಲ್ಲ. ಭಾವ ಮಗಳು ಇಬ್ಬರೂ ಬಂದು ಮನೆ ನೋಡಿ ಹೋದರು. ಅವಳು ಬರಲಿಲ್ಲ.

ಇರಲಿ. ಇವತ್ತು ಸಿಟ್ಟು ಮಾಡುವ ದಿನವಲ್ಲ. ಇವರು ಕಿಟಕಿಯ ಹತ್ತಿರ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾರೆ. ಎಷ್ಟು ದಿನದ ಮೇಲೆ ಇವರ ಮುಖವನ್ನು ಮುಂದಿನಿಂದ ಇಷ್ಟು ಹೊತ್ತು ನೋಡುತ್ತಿದ್ದೇನೆ. ಮೀಸೆಯಲ್ಲಿ ಬಿಳಿ ಕೂದಲು ಬಂದಿದೆ. ಕುತ್ತಿಗೆ ನೋಡಿದರೆ ಗೊತ್ತಾಗುತ್ತಲೇ ಇರಲಿಲ್ಲ.

ಜುಲೈ ೨೨, ಬುಧವಾರ

ನಾವಿಬ್ಬರೂ ನೆಂಟರ ಹಾಗಿದ್ದೇವೆ. ನೀನು ಮೊದಲು ಸ್ನಾನ ಮಾಡು ಎಂದು ಇವರು, ಇಲ್ಲ ನೀವು ಎಂದು ನಾನು. ಕೊನೆಗೆ ಇಬ್ಬರಿಗೂ ಹೊತ್ತಾಗುತ್ತದೆ. ಆದರೂ ಸುಖವಾಗಿದೆ. ಇವತ್ತು ಬೇಕೆಂದೇ ಟೀ ಬೇಗ ಬೇಗ ಕುಡಿದೆ. ಇನ್ನೊಂದು ಮಾಡಿಕೊಂಡರಾಯಿತು.

ಆಗಸ್ಟ್ ೨೩, ಭಾನುವಾರ

ಪೇಟೆ ನಿಜಕ್ಕೂ ಏಳುತ್ತಿದೆ. ನಮ್ಮ ಕಟ್ಟಡದ ಕೆಳಗೆ ಹಾಲಿನ ಅಂಗಡಿ ಬಂತು, ಔಷಧಿ ಅಂಗಡಿ ಬಂತು. ಬೀಗ ಹಾಕಿದ್ದ ಎರಡು ಅಂಗಡಿ ತೆರೆದಿವೆ. ಸಂಜೆ ನಾಲ್ಕೂ ಮಹಡಿಗಳಲ್ಲಿ ದೀಪ. ಇವರು ಒದ್ದೆ ಟವೆಲನ್ನು ಮಂಚದ ಮೇಲೆ ಎಸೆಯುತ್ತಾರೆ, ಹೇಳಿ ಹೇಳಿ ಸಾಕಾಯಿತು. ಇಲ್ಲಿ ನಲ್ಲಿ ನೀರು ಸುಮ್ಮನೆ ಬಿಟ್ಟರೆ ನಾನು ಬೈಯುತ್ತೇನೆ. ನೀನು ನಿಮ್ಮಕ್ಕನ ಹಾಗೇ ಬೈತೀಯ ಎಂದು ಇವರು ನಗುತ್ತಾರೆ.

ಇವತ್ತು ತರಕಾರಿ ಸಾಲಿನಲ್ಲಿ ಅಕ್ಕ ಕಂಡಳು. ಕೂಗಿದೆ. ಅವಳು ನೋಡಿದಳು, ನೋಡಿದ್ದು ನನಗೆ ಖಂಡಿತ ಗೊತ್ತು. ಚೀಲ ಎತ್ತಿಕೊಂಡು ರಸ್ತೆ ದಾಟಿ ಹೋಗಿಬಿಟ್ಟಳು. ನಾನು ನಡು ರಸ್ತೆಯಲ್ಲಿ ಕೈ ಎತ್ತಿಕೊಂಡು ನಿಂತಿದ್ದೆ. ಪರಿಚಯದವರ ಮುಂದೆ ಎಂಥ ಅವಮಾನ.

ಅವಳಿಗೆ ಬೇಡವೆಂದರೆ ನನಗೂ ಬೇಡ.

ಸೆಪ್ಟೆಂಬರ್ ೩೦, ಬುಧವಾರ

ಮಗಳಿಗೆ ಹೊಲಿದ ಅಂಗಿ ಕೊಡಬೇಕೆಂಬ ನೆಪ ಮಾಡಿಕೊಂಡು ಹೋದೆ. ಅಂಗಿಯನ್ನು ಮಗಳೇ ಬಂದು ಒಯ್ಯಬಹುದಿತ್ತು, ಕಾಲೇಜು ಇಲ್ಲೇ ಪಕ್ಕದಲ್ಲಿದೆ. ಕೆಳಗಿನವನು ಜಗಲಿಯ ಮೇಲೆ ಕೂತಿದ್ದ. ಏನಮ್ಮ, ಅಕ್ಕನ ಮೇಲೆ ಪ್ರೀತಿ ಬಂದುಬಿಡ್ತಾ ಎಂದ. ಅವನಿಗೇಕೆ ಉತ್ತರ?

ಭಾವ ಅರ್ಧ ಬಾಗಿಲು ತೆರೆದು, ಅವಳು ಮಲಗಿದ್ದಾಳೆ ಎಂದರು. ಅವರ ಹಿಂದೆ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗುತ್ತಿತ್ತು. ನನಗೆ ಆ ಸದ್ದು ಗೊತ್ತಿಲ್ಲವೇ? ಭಾವ ನೆಲ ನೋಡಿದರು. ಅಂಗಿಯನ್ನು ಅವರ ಕೈಗೆ ಕೊಟ್ಟು ಇಳಿದೆ.

ಫೋನ್ ಮಾಡಿದರೂ ಅಷ್ಟೇ. ಹಾಂ, ಸರಿ, ಇಡ್ತೀನಿ ಎಂಬ ಮೂರು ಮಾತು. ಅವತ್ತು ಕಚೇರಿಯಲ್ಲಿ ಹೇಳಿದಂತೆ ನೆಮ್ಮದಿಯಾಗಿದ್ದಾಳೆ, ಇರಲಿ. ಆದರೆ ಆ ಸಿಂಕಿನ ಮುಂದೆ ಹೋಗಿ ಅವಳ ಪಕ್ಕ ನಿಂತು, ತೊಳೆದದ್ದನ್ನು ಒರೆಸಿ ಕೊಡಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ, ಬಸ್ ಸ್ಟಾಪಿನವರೆಗೂ ಕಣ್ಣು ಒರೆಸಿಕೊಂಡೇ ಬಂದೆ.

ಅಕ್ಟೋಬರ್ ೨೧, ಬುಧವಾರ

ಬೆಳಿಗ್ಗೆ ಎದ್ದಾಗ ಮಂಚದ ಒಂದು ಮೂಲೆಯಲ್ಲಿ ಮುದುಡಿಕೊಂಡಿದ್ದೆ. ಇಷ್ಟಗಲದ ಮಂಚ. ಚಳಿಯಾ ಎಂದು ಇವರು ಕೇಳಿದರು. ಹೂಂ ಅಂದೆ.

ನವೆಂಬರ್ ೧೭, ಮಂಗಳವಾರ

ಮಧ್ಯಾಹ್ನ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಾ ಕೂತಿದ್ದೆ. ಎದುರಿಗೆ ಯಾರೋ ಬಂದು ಮೇಜಿನ ಮೇಲೆ ಒಂದು ಕೋಟು ಇಟ್ಟರು. ಕೋಟು ನೋಡಿದೆ, ಆಮೇಲೆ ಕೈ ನೋಡಿದೆ. ಅಕ್ಕನ ಕೈ.

"ಕೋಟು ಸಡಿಲ ಆಗಿದೆ. ಸ್ವಲ್ಪ ಹಿಡಿದು ಕೊಡ್ತೀರಾ?" ಎಂದಳು.

ಹುಟ್ಟಿದಾಗಿನಿಂದ ನನಗೆ ಲೇ, ಕಣೇ ಎಂದವಳು "ಕೊಡ್ತೀರಾ" ಅಂದಳು. ನನಗೆ ಮೈಯೆಲ್ಲ ಉರಿಯಿತು. ಇಷ್ಟಕ್ಕೆ ಬಂತೇ ಎಂದುಕೊಂಡೆ. ನಾನೂ ಬಿಡಲಿಲ್ಲ. "ನಿಂತ್ಕೊಳ್ಳಿ, ಅಳತೆ ತಗೋಬೇಕು" ಅಂದೆ. ಯಜಮಾನರು ನಮ್ಮಿಬ್ಬರನ್ನೂ ನೋಡಿ, ಟೀ ಕುಡಿದು ಬರುತ್ತೇನೆಂದು ಎದ್ದು ಹೋದರು. ಅವರು ಆಗಷ್ಟೇ ಟೀ ಕುಡಿದಿದ್ದರು.

ಟೇಪು ತೆಗೆದುಕೊಂಡು ಹಿಂದೆ ನಿಂತೆ. ಭುಜ ಹಿಡಿದೆ. ಅಳತೆ ಕಡಿಮೆ ಬಂತು. ಸೊಂಟದ ಸುತ್ತ ಕೈ ಹಾಕಿ ಟೇಪು ತಂದೆ. ಅಲ್ಲೂ ಕಡಿಮೆ. ಅವಳು ನಿಜವಾಗಿ ಇಳಿದುಹೋಗಿದ್ದಾಳೆ. ಟೇಪಿನ ಎರಡು ತುದಿ ಸೇರಿಸಿ ಹಿಡಿದುಕೊಂಡವಳು ಬಿಡಲಿಲ್ಲ. ಅಕ್ಕನ ಮೈಯಿಂದ ಅವಳ ಅಡುಗೆಮನೆಯ ವಾಸನೆಯೇ ಬರುತ್ತಿತ್ತು. ನನಗೆ ಕಣ್ಣು ಕಾಣದಾಯಿತು.

"ಅಳಬೇಡ ಕಣೇ. ಬಾಗಿಲು ತೆರೆದಿದೆ" ಎಂದಳು, ತಿರುಗದೆ. "ಅಳತೆ ತಗೋತಾನೇ ಇರು, ನಿಲ್ಲಿಸಬೇಡ. ಆ ಮೇಡಂ ಏನಂದ್ರು? ವರ್ಷದೊಳಗೆ ಮತ್ತೆ ವಿಚಾರಿಸ್ತೀವಿ, ಹೇಳಿಕೆ ಸುಳ್ಳಾದ್ರೆ ಮನೆ ವಾಪಸ್ ಅಂದ್ರು ತಾನೆ? ಕೆಳಗಿನವನು ಅಲ್ಲೇ ಫೈಲು ಹಿಡ್ಕೊಂಡು ನಿಂತಿದ್ದ. ದಿನಾ ನೋಡ್ತಾನೆ. ಅಕ್ಕ ತಂಗಿ ಚೆನ್ನಾಗೇ ಇದಾರಲ್ಲ ಅಂತ ಅವನು ಒಂದು ಮಾತು ಅಂದ್ರೆ ಸಾಕು."

ಟೇಪು ನನ್ನ ಕೈಯಿಂದ ಬಿತ್ತು. ಅದಕ್ಕಾ, ರಸ್ತೆ ದಾಟಿ ಹೋದದ್ದು? ಅದಕ್ಕಾ, ಭಾವ ಬಾಗಿಲಲ್ಲಿ ಸುಳ್ಳು ಹೇಳಿದ್ದು? ಫೋನಿನಲ್ಲಿ ಮಾತಾಡಬಹುದಿತ್ತಲ್ಲ ಎಂದೆ. ಸರ್ಕಾರದವರಿಗೆ ಫೋನಿನಲ್ಲಿ ಆಡಿದ್ದೆಲ್ಲ ಗೊತ್ತಾಗುತ್ತಂತೆ ಎಂದು ಅವಳು ಪಿಸುಗುಟ್ಟಿದಳು. ನನಗೆ ನಗು ಬಂತು, ಅಳುವೂ ನಿಲ್ಲಲಿಲ್ಲ. ನಮ್ಮಂಥವರ ಫೋನು ಕೇಳುತ್ತಾ ಕೂರಲು ಅವರಿಗೆ ಬೇರೆ ಕೆಲಸವಿಲ್ಲವೇ, ನೀನು ನನ್ನ ಮನೆಗೆ ಬಂದು ಹೋದರೆ ಯಾರೂ ಏನೂ ಮಾಡುವುದಿಲ್ಲ, ಕೇಳಿದ್ದು ಜಾಗ ಇದೆಯಾ ಎಂದು, ಪ್ರೀತಿ ಇದೆಯಾ ಎಂದಲ್ಲ ಎಂದು ಎಷ್ಟು ಹೇಳಿದರೂ ಅಕ್ಕ ತಲೆ ಆಡಿಸಿಬಿಟ್ಟಳು. ಅವತ್ತು ಪೆನ್ನು ಸಾಹೇಬರ ಮುಂದೆಯೂ ಏನೂ ಆಗಲ್ಲ ಅಂದುಕೊಂಡೇ ಬಾಯಿಬಿಟ್ಟಿದ್ದಳಂತೆ. ಇನ್ನೊಂದು ಸಲ ಅವಳ ಬಾಯಿಂದ ನನ್ನ ಮನೆ ಹೋಗಬಾರದಂತೆ.

"ನಂಗ್ಯಾಕೆ ಮೊದಲೇ ಹೇಳಲಿಲ್ಲ?"

"ಹೇಳಬೇಕಾ? ನಿಂಗೆ ಅಷ್ಟೂ ಗೊತ್ತಾಗಲ್ವಾ?"

ಗೊತ್ತಾಗಲಿಲ್ಲ. ನಾನು ಟೇಪು ಎತ್ತಿಕೊಂಡು ತೋಳಿನ ಅಳತೆಗೆ ಹಿಡಿದೆ. ಅವತ್ತು ಅಲ್ಲಿ ಹೇಳಿದ್ದೆಲ್ಲ ಏನು ಎಂದು ಕೇಳಿಯೇಬಿಟ್ಟೆ. ಇಷ್ಟು ತಿಂಗಳು ಕೇಳದೆ ಉಳಿದದ್ದು ಅದೊಂದೇ.

ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿದಳು.

"ನಿಜಾನೇ. ಸುಳ್ಳು ಹೇಳೋಕೆ ನನಗೆಲ್ಲಿ ಬರುತ್ತೆ? ದಾಟ್ಕೊಂಡು ಹೋಗಿದ್ದು ನಿಜ, ಮಿಷನ್ ಸದ್ದು ನಿಜ, ನಿಮ್ಮ ಭಾವನ ಮಾತೂ ನಿಜ. ಇವಳು ಹೋದ್ರೆ ನೆಮ್ಮದಿಯಾಗಿ ಇರ್ತೀನಿ ಅಂದ್ನಲ್ಲ, ಅದೊಂದು ಸುಳ್ಳು."

ಅಷ್ಟರಲ್ಲಿ ಒಬ್ಬ ತಾಯಿ ಮಗುವಿನ ಕೈ ಹಿಡಿದುಕೊಂಡು ಯೂನಿಫಾರ್ಮ್ ಕೇಳಲು ಬಂದರು. ಅಕ್ಕ ಕೂಡಲೇ ಗಿರಾಕಿಯಾದಳು. ಯಾವಾಗ ಕೊಡ್ತೀರಿ ಎಂದು ಗತ್ತಿನಿಂದ ಕೇಳಿದಳು. ಮುಂದಿನ ಮಂಗಳವಾರ ಬನ್ನಿ ಎಂದೆ. ಲೇಟ್ ಮಾಡಬೇಡಿ, ಚಳಿ ಶುರುವಾಗಿದೆ ಎಂದು ಹೇಳಿ ಹೋದಳು.

ನವೆಂಬರ್ ೨೪, ಮಂಗಳವಾರ

ಅಕ್ಕ ಹೇಳಿದ ಹೊತ್ತಿಗೆ ಬಂದಳು. ಅಂಗಡಿಯಲ್ಲಿ ಮೂರು ನಾಲ್ಕು ಗಿರಾಕಿಗಳಿದ್ದರು. ಕೋಟು ಹಾಕಿಕೊಂಡು ಕೈ ಎತ್ತಿದಳು. ಎಡ ತೋಳು ಮೇಲೆ ಹೋಗಲಿಲ್ಲ.

"ಇದೇನಮ್ಮ ಹೀಗೆ ಹೊಲಿದಿದ್ದೀರಿ?" ಎಂದಳು. ದನಿ ಜೋರಾಗಿತ್ತು, ಕಣ್ಣು ನಗುತ್ತಿತ್ತು.

ತಪ್ಪಾಯಿತು, ಬಿಚ್ಚಿ ಸರಿಮಾಡುತ್ತೇನೆ, ಮುಂದಿನ ವಾರ ಬನ್ನಿ, ಇನ್ನೊಮ್ಮೆ ಅಳತೆ ಕೊಟ್ಟು ಹೋಗಿ ಎಂದೆ. ಯಜಮಾನರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ತೋಳು ತಪ್ಪಿದ್ದನ್ನು ಅವರು ಕಂಡಿಲ್ಲ. ಏನೂ ಅನ್ನದೆ ಟೀ ಕುಡಿಯಲು ಹೋದರು.

ಮುಂದಿನ ವಾರ ಬಲ ತೋಳು. ಆಮೇಲೆ ಬೆನ್ನಿದೆ, ಕಾಲರ್ ಇದೆ, ಒಳಗಿನ ಬಟ್ಟೆ ಪೂರ್ತಿ ಇದೆ. ಮನೆಗೆ ಬಂದು ವರ್ಷ ತುಂಬುವ ಜುಲೈವರೆಗೆ ಆ ಕೋಟು ಅಕ್ಕನಿಗೆ ಸರಿಹೋಗುವುದಿಲ್ಲ.